ಹೊಸ ಮನೆಗೆ ವಾಷಿಂಗ್ ಮಷೀನ್: ಮೊದಲು ನೀರು ನೋಡಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟ್‌ಗಳಿಗೆ ಸೇರುವವರು ವಾಷಿಂಗ್ ಮಷೀನ್ ಕೊಳ್ಳುವಾಗ ಬೆಲೆ, ರಿಯಾಯಿತಿಗಳನ್ನು ನೋಡುವಷ್ಟು ಶ್ರದ್ಧೆಯಿಂದ ತಮ್ಮ ನಲ್ಲಿಯ ನೀರನ್ನು ನೋಡುವುದಿಲ್ಲ. ಕಾವೇರಿ ನೀರು ತಲುಪದ ಕಡೆ ಕೊಳವೆಬಾವಿಯೇ ಗತಿ. ಆ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಯಂತ್ರದೊಳಗಿನ ಹೀಟರ್ ಮೇಲೆ ಬಿಳಿ ಪದರವಾಗಿ ಕಟ್ಟಿಕೊಳ್ಳುತ್ತವೆ. ಒಗೆದ ಟವೆಲ್ ಒಣಗಿದ ಮೇಲೆ ಹಪ್ಪಳದಂತೆ ಬಿರುಸಾಗುತ್ತದೆ.

ಫ್ರಂಟ್ ಲೋಡ್ ಯಂತ್ರಕ್ಕೆ ನೀರು ಕಡಿಮೆ ಸಾಕು, ಅದು ನಿಜ. ಆದರೆ ನೀರು 10 ಮೀಟರ್ ಎತ್ತರದಿಂದ ಇಳಿದರೆ ಮಾತ್ರ ಸುಮಾರು 1 ಬಾರ್ ಒತ್ತಡ ಸಿಗುವುದರಿಂದ, ತಾರಸಿಯ ಟ್ಯಾಂಕಿಗೆ ತೀರಾ ಹತ್ತಿರವಿರುವ ಮೇಲಂತಸ್ತಿನವರು ಕೈಪಿಡಿಯಲ್ಲಿ ಹೇಳಿರುವ ಕನಿಷ್ಠ ಒತ್ತಡ ತಮ್ಮ ಮನೆಯಲ್ಲಿದೆಯೇ ಎಂದು ಪರೀಕ್ಷಿಸಿಕೊಂಡೇ ಹಣ ಕೊಡಬೇಕು.

ಬಿಸಿಲು ಬೀಳುವ ಬಾಲ್ಕನಿಯಿದ್ದರೆ ಡ್ರೈಯರ್ ಅನಗತ್ಯವೆಂದೇ ನನ್ನ ಅಭಿಪ್ರಾಯ. ಕರಾವಳಿ, ಮಲೆನಾಡಿನ ಮಳೆಗಾಲದ ಮಾತು ಬೇರೆ. ಅಲ್ಲಿನವರು ಒಳಗಿನ ಬಿಸಿಗಾಳಿಯನ್ನೇ ಮತ್ತೆ ಮತ್ತೆ ಬಳಸುವ ಹೀಟ್ ಪಂಪ್ ಡ್ರೈಯರ್ ಆರಿಸಿದರೆ ಬೆಲೆ ಹೆಚ್ಚಾದರೂ ವಿದ್ಯುತ್ ಗಣನೀಯವಾಗಿ ಉಳಿಯುತ್ತದೆ. ಬಿಸಿಗಾಳಿಯನ್ನು ಹೊರಹಾಕುವ ಕೊಳವೆಗಾಗಿ ಗೋಡೆ ಕೊರೆಯಬೇಕಿಲ್ಲ. ಒಗೆದು ಒಣಗಿಸುವ ಜೋಡಿ ಯಂತ್ರ ಕೊಳ್ಳುವವರು ಒಂದು ವಿಷಯ ಗಮನಿಸಲಿ: 8 ಕೆ.ಜಿ. ಒಗೆಯುವ ಯಂತ್ರ ಸಾಮಾನ್ಯವಾಗಿ 5 ಕೆ.ಜಿ.ಯಷ್ಟನ್ನೇ ಒಮ್ಮೆಗೆ ಒಣಗಿಸಬಲ್ಲದು.

ಇದೆಲ್ಲ ಕೊಳ್ಳುವವರ ಹೊಣೆಯಷ್ಟೇ ಅಲ್ಲ. ಬಟ್ಟೆ ಒಗೆಯಲೆಂದು ಬಿಡುವ ಯುಟಿಲಿಟಿ ಜಾಗದಲ್ಲಿ ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್, ಪ್ರತ್ಯೇಕ ನಲ್ಲಿ, ನೀರು ಹೊರಹೋಗುವ ಪೈಪು ಒದಗಿಸಿ, ನೀರಿನ ಗಡಸುತನದ ಪರೀಕ್ಷಾ ವರದಿಯನ್ನು ಕೀಲಿಕೈಯ ಜೊತೆಗೇ ಕೊಡುವಂತೆ ಬಿಲ್ಡರ್‌ಗಳಿಗೆ ಸರ್ಕಾರ ಸೂಚಿಸಬೇಕೆಂದು ಕೋರುತ್ತೇನೆ.

– ಒಬ್ಬ ಓದುಗಿ, ಬೆಂಗಳೂರು