ಪಾಠ ಎಳೆದು ಜೋಡಿಸುವ ಲೈಬ್ರರಿ: ಪುಣೆ ತಂಡದ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಹಡಪ್ಸರ್, ಚಿಂಚ್‌ವಡ ಕಡೆಯ ನಮ್ಮ ಕನ್ನಡ ತರಗತಿ ಶಿಕ್ಷಕರು ಪಾಠಗಳನ್ನು ಹೆಚ್ಚಾಗಿ ಫೋನಿನಲ್ಲೇ ಜೋಡಿಸುತ್ತಾರೆ. ಹಾಗಾಗಿ ಪಾಠಗಳನ್ನು ಎಳೆದು ಕ್ರಮ ಬದಲಿಸಲು ನಮ್ಮ ಎಡಿಟರ್‌ಗೆ ಆರಿಸುವ ಲೈಬ್ರರಿಯನ್ನು (ಸಿದ್ಧ ಕೋಡ್ ಸಂಗ್ರಹ) ಮೊದಲು ಫೋನಿನಲ್ಲಿ ಪರೀಕ್ಷಿಸಿ, ಲ್ಯಾಪ್‌ಟಾಪ್ ಆಮೇಲೆ.

ರಿಯಾಕ್ಟ್ ಬ್ಯೂಟಿಫುಲ್ ಡಿಎನ್‌ಡಿ ಎಂಬ ಲೈಬ್ರರಿ ಬೇಡ. ಅದನ್ನು ರೂಪಿಸಿದ ಅಟ್ಲಾಸಿಯನ್ ಕಂಪನಿ ನಿರ್ವಹಣೆ ನಿಲ್ಲಿಸಿದೆ. ಸಾರ್ಟಬಲ್‌ಜೆಎಸ್ ಎಂಬ ಇನ್ನೊಂದು ಲೈಬ್ರರಿ ಹಗುರ, ಟಚ್‌ಗೂ ಒಗ್ಗುತ್ತದೆ. ಆದರೆ ಅದು ಡಾಮ್ ಅನ್ನು (ಬ್ರೌಸರ್‌ನಲ್ಲಿರುವ ಪುಟದ ರಚನೆ) ನೇರವಾಗಿ ಬದಲಿಸುತ್ತದೆ. ಪುಟ ಕಟ್ಟುವ ಲೈಬ್ರರಿಯಾದ ರಿಯಾಕ್ಟ್ ಕೂಡ ಅದನ್ನೇ ನಿಭಾಯಿಸುವುದರಿಂದ ಎರಡಕ್ಕೂ ತಾಳ ತಪ್ಪಿ, ಪಾಠಗಳು ಎರಡೆರಡು ಸಲ ಕಾಣಿಸಬಹುದು. ಕೀಬೋರ್ಡ್ ಬೆಂಬಲವೂ ಅದರಲ್ಲಿಲ್ಲ.

ನಮ್ಮ ಎಡಿಟರ್ ರಿಯಾಕ್ಟ್‌ನಲ್ಲಿರುವುದರಿಂದ ಡಿಎನ್‌ಡಿ ಕಿಟ್ ಎಂಬ ಲೈಬ್ರರಿ ಸೂಕ್ತ. ಅದರಲ್ಲಿ ಕೀಬೋರ್ಡಿನ ಸ್ಪೇಸ್ ಒತ್ತಿ ಪಾಠವನ್ನು ಎತ್ತಿಕೊಳ್ಳಬಹುದು, ಬಾಣದ ಕೀಲಿಯಿಂದ ಸರಿಸಬಹುದು, ಎಸ್ಕೇಪ್ ಒತ್ತಿದರೆ ರದ್ದು. ಪಟ್ಟಿಗೆಂದೇ ಇರುವ ಕೀಬೋರ್ಡ್ ಕೋಆರ್ಡಿನೇಟ್ಸ್ ಫಂಕ್ಷನ್ (ಕೀಲಿ ಒತ್ತಿದಾಗ ಪಾಠ ಎಲ್ಲಿಗೆ ಸರಿಯಬೇಕೆಂದು ಲೆಕ್ಕ ಹಾಕುವ ಕೋಡ್) ಕೊಡಲು ಮರೆಯಬೇಡಿ; ಇಲ್ಲದಿದ್ದರೆ ಪ್ರತಿ ಒತ್ತಿಗೆ 25 ಪಿಕ್ಸೆಲ್ ಮಾತ್ರ ಸರಿಯುತ್ತದೆ, ಮುಂದಿನ ಪಾಠದ ಜಾಗಕ್ಕೆ ಹೋಗುವುದಿಲ್ಲ. ಬೆರಳಿನ ಸ್ಪರ್ಶ ಗುರುತಿಸುವ ಟಚ್ ಸೆನ್ಸರ್‌ಗೆ 250 ಮಿಲಿಸೆಕೆಂಡ್ ತಡ, 5 ಪಿಕ್ಸೆಲ್ ಸಡಿಲಿಕೆ (ಆ ಹೊತ್ತಿನಲ್ಲಿ ಬೆರಳು ಅಲುಗಬಹುದಾದಷ್ಟು) ಇಡಿ. ತಡವೇ ಇಲ್ಲದಿದ್ದರೆ ಪುಟ ಸ್ಕ್ರೋಲ್ ಮಾಡಲು ಹೋದವರ ಬೆರಳಿಗೆ ಪಾಠವೇ ಅಂಟಿಕೊಳ್ಳುತ್ತದೆ. ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ) ಪ್ರಕಟಣೆಗಳು ಇಂಗ್ಲಿಷಿನಲ್ಲಿವೆ, ದಯವಿಟ್ಟು ಕನ್ನಡದಲ್ಲಿ ಬರೆದು ಸೇರಿಸಿ.

ಪ್ರತಿ ಪಾಠದ ಪಕ್ಕದಲ್ಲಿ ಮೇಲೆ–ಕೆಳಗೆ ಗುಂಡಿಗಳು ಇರಲೇಬೇಕು. ಎಳೆಯದೆಯೂ ಕೆಲಸವಾಗಬೇಕೆಂಬುದು ವೆಬ್ ಎಲ್ಲರಿಗೂ ಎಟುಕಲೆಂದು ಇರುವ ಮಾರ್ಗಸೂಚಿ ಡಬ್ಲ್ಯೂಸಿಎಜಿ 2.2ರ (2023) ಎಎ ಮಟ್ಟದ ನಿಯಮ. ಕೈ ನಡುಗುವ ಹಿರಿಯ ಶಿಕ್ಷಕರಿಗೆ ಇದೇ ದೊಡ್ಡ ಆಸರೆ.

ಉಳಿಸುವಾಗ ಇಡೀ ಅಧ್ಯಾಯದ ಪಾಠಗಳ ಐಡಿಗಳನ್ನು ಕ್ರಮವಾಗಿ ಒಂದೇ ಸಲ ಸರ್ವರ್‌ಗೆ ಕಳಿಸಿ. ಒಂದೊಂದಾಗಿ ಕಳಿಸಿದರೆ ಹಿಂದುಮುಂದಾಗಿ ತಲುಪಿ ಕ್ರಮ ಕೆಡುತ್ತದೆ. ಉಳಿಯದಿದ್ದರೆ ಹಳೆಯ ಕ್ರಮವನ್ನೇ ಮರಳಿ ತೋರಿಸಿ.