ಇಳಿತದ ಹೊತ್ತಿಗೆ ಬಾ

ಮುದ್ದು ಮಗಳೇ,

ಮೊನ್ನೆ ಫೋನಿನಲ್ಲಿ "ಏನಿಲ್ಲಮ್ಮ, ಸುಮ್ನೆ ಬೇಜಾರು" ಅಂದೆಯಲ್ಲ, ಅದು ಸುಮ್ನೆ ಅಲ್ಲ ಅಂತ ನಿನ್ನ ದನಿಯಲ್ಲೇ ಗೊತ್ತಾಯಿತು. ಕೆದಕಲು ಮನಸ್ಸಾಗಲಿಲ್ಲ. ಫೋನ್ ಇಟ್ಟು ಕಡಲ ದಡಕ್ಕೆ ಹೋಗಿ ಕೂತೆ. ಅಲ್ಲಿಂದ ಬಂದು ಇದನ್ನು ಬರೆಯುತ್ತಿದ್ದೇನೆ.

ನಿನ್ನ ತಾತ ತೀರಿಕೊಂಡ ವರ್ಷ ನಾನೂ ಹೀಗೇ ಇದ್ದೆ. ಮನೆಗೆ ಬಂದವರೆಲ್ಲ ಸಮಾಧಾನ ಹೇಳುವವರೇ. ಅವರೆದುರು ಸಮಾಧಾನ ಆದವಳ ಹಾಗೆ ಇರಬೇಕಿತ್ತು. ದುಃಖಕ್ಕಿಂತ ಅದೇ ಜಾಸ್ತಿ ಸುಸ್ತು. ಒಂದು ಸಂಜೆ ಯಾರಿಗೂ ಹೇಳದೆ ಕಡಲಿಗೆ ಹೋದೆ. ಜೋರಾಗಿ ಅತ್ತೆ. ಅಲೆಯ ಸದ್ದಿಗೆ ನನ್ನ ಅಳು ನನಗೇ ಕೇಳಿಸಲಿಲ್ಲ.

ನೀರು ಇಳಿದಿತ್ತು. ಕಾಲ ಹತ್ತಿರ ಒಂದು ಏಡಿ, ಹೆಬ್ಬೆರಳ ಉಗುರಿಗಿಂತ ಚಿಕ್ಕದು. ಒದ್ದೆ ಮರಳನ್ನು ಬಾಯಿಗೆ ತುಂಬಿಕೊಂಡು, ತಿನ್ನುವಂಥದ್ದನ್ನು ಸೋಸಿಕೊಂಡು, ಮಿಕ್ಕಿದ್ದನ್ನು ಪುಟ್ಟ ಉಂಡೆ ಮಾಡಿ ಹಿಂದಕ್ಕೆ ತಳ್ಳುತ್ತಿತ್ತು. ಒಂದು, ಇನ್ನೊಂದು, ಮತ್ತೊಂದು. ಮಕ್ಕಳು ಸೂರ್ಯನ ಚಿತ್ರ ಬರೆದ ಹಾಗೆ ಬಿಲದ ಸುತ್ತ ಉಂಡೆಗಳ ಸಾಲು. ನಾನು ಕೊಂಚ ಅಲುಗಿದರೆ ಸರ್ರನೆ ಒಳಗೆ. ಅಲುಗದೆ ಕೂತರೆ ಮತ್ತೆ ಹೊರಗೆ. ಅದು ಹೊರಗೆ ಬರಲಿ ಅಂತ ಉಸಿರು ಬಿಗಿಹಿಡಿದು ಕೂತವಳಿಗೆ ಅಳು ಯಾವಾಗ ನಿಂತಿತು ಅಂತಲೇ ಗೊತ್ತಾಗಲಿಲ್ಲ. ನೀರು ಏರಿ ಬಂದು ಆ ಸಾಲುಗಳನ್ನೆಲ್ಲ ಅಳಿಸಿತು. ಮರುದಿನ ನೋಡಲೆಂದೇ ಹೋದೆ. ಹೊಸ ಉಂಡೆಗಳಿದ್ದವು.

ಆಮೇಲೆ ಅದೇ ರೂಢಿಯಾಯಿತು. ಉಬ್ಬರ ಇಳಿತದ ಲೆಕ್ಕ ಕಲಿತೆ. ಚಂದ್ರನ ಜೊತೆ ಅದೂ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಇನ್ನೊಂದು ಗೊತ್ತಾ? ನಮ್ಮ ಕಾಲಿಗೆ ಬಂದು ಬೀಳುವ ಅಲೆಯನ್ನು ಸಾವಿರಾರು ಕಿಲೋಮೀಟರ್ ಆಚೆಯ ಗಾಳಿ ಎಬ್ಬಿಸಿರಬಹುದು. ನೀರು ಅಷ್ಟು ದೂರದಿಂದ ಬರುವುದಿಲ್ಲ, ಅದು ಹೆಚ್ಚುಕಡಿಮೆ ಇದ್ದಲ್ಲೇ ಸುತ್ತು ಹೊಡೆಯುತ್ತದೆ. ಗಾಳಿ ಕೊಟ್ಟ ಬಲ ಮಾತ್ರ ಇಲ್ಲಿಯವರೆಗೆ ಬರುತ್ತದೆ. ಇದನ್ನು ತಿಳಿದ ದಿನ ನಾನು ಎಷ್ಟು ಹೊತ್ತು ಅಲೆ ನೋಡುತ್ತಾ ನಿಂತಿದ್ದೆನೋ!

ನಿನ್ನನ್ನು ಮೊದಲ ಸಲ ಕರೆದುಕೊಂಡು ಹೋದಾಗ ನಿನಗೆ ನಾಲ್ಕು ವರ್ಷ. ಅಲೆ ಹಿಂದಕ್ಕೆ ಹೋಗುವಾಗ ಪಾದದಡಿಯ ಮರಳು ಜಾರಿತು. "ಅಮ್ಮ, ನೆಲ ಓಡಿಹೋಗ್ತಿದೆ, ಹಿಡ್ಕೋ!" ಅಂತ ಕಿರುಚಿ ನನ್ನ ಬೆರಳು ಹಿಡಿದೆ. ಮರುಕ್ಷಣವೇ ನಕ್ಕು, "ಇನ್ನೊಂದ್ಸಲ" ಅಂದೆ. ಕತ್ತಲಾಗುವವರೆಗೂ ಇನ್ನೊಂದ್ಸಲವೇ. ಆ ಪುಟ್ಟ ಕೈಯ ಬಿಗಿ ಈಗಲೂ ನನ್ನ ಬೆರಳಿಗೆ ನೆನಪಿದೆ ಕಣೇ.

ಒಬ್ಬಳೇ ಹೋಗುವುದಿದ್ದರೆ ಒಂದು ಮಾತು. ಅಕ್ಕಪಕ್ಕ ಅಲೆ ಒಡೆಯುತ್ತಾ ನಡುವೆ ಒಂದೆಡೆ ಮಾತ್ರ ನೀರು ಶಾಂತವಾಗಿ ಕಂಡರೆ ಅಲ್ಲಿ ಇಳಿಯಬೇಡ. ಕಡಲಿನತ್ತ ಎಳೆಯುವ ಸೆಳೆತ ಅಂಥ ಕಡೆಯೇ ಇರುತ್ತದೆ.

ಆದರೆ ಈ ಸಲ ಒಬ್ಬಳೇ ಬೇಡ, ಇಲ್ಲಿಗೆ ಬಾ. ಶನಿವಾರ ಇಳಿತ ಸಂಜೆ ನಾಲ್ಕೂಕಾಲಿಗೆ. ಭಾನುವಾರ ಬಂದರೆ ಐದು ಗಂಟೆಯ ಹೊತ್ತಿಗೆ. ನಾನು ಏನೂ ಕೇಳುವುದಿಲ್ಲ. ಏಡಿಗಳಿರುವ ಜಾಗ ತೋರಿಸುತ್ತೇನೆ, ಅಲುಗದೆ ಕೂತುಕೊಳ್ಳೋಣ.

ನಿನ್ನ
ಅಮ್ಮ