ನಿನ್ನ ನಾಯಕಿ ಸಾಯಬೇಕಾಗಿರಲಿಲ್ಲ

ಪ್ರೀತಿಯ ತಮ್ಮನಿಗೆ,

ನಿನ್ನ ಹಸ್ತಪ್ರತಿಯನ್ನು ಎರಡು ರಾತ್ರಿ ಕುಳಿತು ಓದಿದೆ. ಅಧ್ಯಾಯ ಎಷ್ಟು ಉದ್ದವಿರಬೇಕು, ಯಾವ ಪ್ರಕಾಶಕರಿಗೆ ಕಳುಹಿಸಬೇಕು ಎಂದೆಲ್ಲ ಕೇಳಿದ್ದೀಯೆ. ಅವನ್ನು ಯಾರಾದರೂ ಹೇಳಿಕೊಡುತ್ತಾರೆ. ತಮಿಳಿನ ‘ಇದಯಂ’ ಚಿತ್ರ ನೋಡಿದ ರಾತ್ರಿಯೇ ಈ ಕಾದಂಬರಿಗೆ ಕೈಹಾಕಿದೆ ಎಂದು ಬರೆದಿರುವೆಯಲ್ಲ, ಅಷ್ಟು ಮೆಚ್ಚಿದ ಚಿತ್ರದಿಂದ ಕಲಿಯಬೇಕಾದದ್ದನ್ನೇ ನೀನು ಬಿಟ್ಟುಬಿಟ್ಟೆ ಎಂಬುದು ನನ್ನ ಸಂಕಟ. ಕೊನೆಯ ಅಧ್ಯಾಯದಲ್ಲಿ ಆ ಹುಡುಗಿಯನ್ನು ಬಸ್ಸಿನ ಚಕ್ರಕ್ಕೆ ಏಕೆ ಸಿಕ್ಕಿಸಿದೆ?

1991ರಲ್ಲಿ ಬಂದ ಆ ಚಿತ್ರ ನಿರ್ದೇಶಕ ಕದಿರ್ ಅವರ ಮೊದಲನೆಯದು. ಹಳ್ಳಿಯಿಂದ ಮದ್ರಾಸಿಗೆ ವೈದ್ಯಕೀಯ ಓದಲು ಬಂದ ರಾಜಾ, ಗೀತಾಳನ್ನು ಪ್ರೀತಿಸುತ್ತಾನೆ, ಹೇಳಲಾರ. ಅವಳ ಮನಸ್ಸು ಇವನ ಕಡೆ ತಿರುಗುವ ಹೊತ್ತಿಗೆ ಅವನ ಹೃದಯ ಅತಿಯಾದ ದುಃಖವನ್ನಾಗಲಿ ಅತಿಯಾದ ಸಂತೋಷವನ್ನಾಗಲಿ ತಡೆಯಲಾರದ ಸ್ಥಿತಿಗೆ ಬಂದಿರುತ್ತದೆ. ಇಷ್ಟು ದಿನ ಅವನು ನುಂಗಿಕೊಂಡಿದ್ದ ಮಾತನ್ನು ಇನ್ನು ಮುಂದೆ ಅವಳು ನುಂಗಿಕೊಳ್ಳಬೇಕು. ಸಾವು ತಂದು ಕಥೆ ಮುಗಿಸುವ ಅವಕಾಶ ಕೈಯಲ್ಲೇ ಇದ್ದರೂ ಕದಿರ್ ಅದನ್ನು ಬಳಸಲಿಲ್ಲ.

ರಾಜಾನಾಗಿ ನಟಿಸಿದ ಮುರಳಿ ನಮ್ಮ ನಿರ್ದೇಶಕ ಸಿದ್ದಲಿಂಗಯ್ಯನವರ ಮಗ. ತಂದೆಯ ‘ಬಂಗಾರದ ಮನುಷ್ಯ’ದಲ್ಲಿ ರಾಜೀವಪ್ಪ ತನ್ನ ಪರವಾಗಿ ಒಂದು ಮಾತನ್ನೂ ಆಡದೆ ಮನೆ ಬಿಟ್ಟು ಹೊರಡುತ್ತಾನೆ, ಅದಾದ 19 ವರ್ಷಕ್ಕೆ ಮಗ ಇನ್ನೊಂದು ಭಾಷೆಯಲ್ಲಿ ಇನ್ನೊಂದು ಬಗೆಯ ಮೌನವನ್ನು ಹೊತ್ತು ನಿಂತದ್ದನ್ನು ನೆನೆದರೆ ನನಗೆ ಇಂದಿಗೂ ಗಂಟಲು ಕಟ್ಟುತ್ತದೆ. ತಮಿಳುನಾಡಿನಲ್ಲಿ ಪ್ರೀತಿಯನ್ನು ಹೇಳಲಾರದ ಹುಡುಗನನ್ನು ‘ಇದಯಂ ಮುರಳಿ’ ಎಂದೇ ಕರೆಯುತ್ತಾರೆ.

ನೀನು ಅಳು ಬರಿಸಲು ಹೊರಟಿದ್ದೀಯೆ. ಆ ದಾರಿ ನನಗೆ ಗೊತ್ತು. ನನ್ನ ಮೊದಲ ಕಾದಂಬರಿಯ ನಾಯಕಿ ನನ್ನ ಸಹಪಾಠಿಯೇ ಆಗಿದ್ದಳು. ಅವಳು ಓದು ಮುಗಿಸಿ, ಮದುವೆಯಾಗಿ, ಬೇರೆ ಊರಿನಲ್ಲಿ ಚೆನ್ನಾಗಿದ್ದಳು. ಮೂರು ವರ್ಷ ಒಂದೇ ತರಗತಿಯಲ್ಲಿ ಕುಳಿತೂ ಬಾಯಿ ಬಿಡಲಿಲ್ಲವೆಂದು ಬರೆದುಕೊಳ್ಳಲು ನಾಚಿ, ಪುಸ್ತಕದಲ್ಲಿ ಅವಳನ್ನು ವಿಷಮಜ್ವರಕ್ಕೆ ಬಲಿಕೊಟ್ಟೆ. ಓದಿ ಅತ್ತೆವೆಂದು ಕಾಗದಗಳು ಬಂದವು. ಆ ಹೊಗಳಿಕೆಯ ರುಚಿ ಹತ್ತಿ ಮುಂದೆಯೂ ಹಾಗೆಯೇ ಬರೆದೆ, ಮತ್ತು ನಿಜವಾಗಿ ನಡೆದದ್ದನ್ನು ಇಂದಿಗೂ ಬರೆದಿಲ್ಲ.

ನಡೆದದ್ದನ್ನು ನಡೆದಂತೆಯೇ ಬರೆಯುವ ಶಕ್ತಿ ನಿನಗಿದೆ ಎಂದು ತಿಳಿದದ್ದು ಕ್ಯಾಂಟೀನಿನ ಪುಟದಲ್ಲಿ. ಅವಳು ಕಾಫಿಗೆ ಕರೆದಾಗ ನಿನ್ನ ಹುಡುಗ ಜೇಬಿನೊಳಗೇ ಬೆರಳಾಡಿಸಿ ಚಿಲ್ಲರೆ ಎಣಿಸುತ್ತಾನೆ, ಇಬ್ಬರಿಗೆ ಸಾಲದೆಂದು ತಿಳಿದು, “ನನಗೆ ಕಾಫಿ ಅಭ್ಯಾಸವಿಲ್ಲ” ಎನ್ನುತ್ತಾನೆ. ಅದನ್ನು ಓದಿ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆದರೆ ಮರುಪುಟದಿಂದಲೇ ಅವನ ಬಡತನವನ್ನು, ಅವನ ಅಪ್ಪನ ಸಾಲವನ್ನು, ಕೀಳರಿಮೆಯನ್ನು ವಿವರಿಸುತ್ತಾ ಹೋದೆ! ಆ ಮೂರು ಪುಟಗಳನ್ನು ದಯವಿಟ್ಟು ಹೊಡೆದುಹಾಕು.

ಕೊನೆಯ ಅಧ್ಯಾಯವನ್ನು ಮತ್ತೆ ಬರೆ. ಬಸ್ಸು ಬರಲಿ, ಅವಳು ಹತ್ತಿ ಕಿಟಕಿಯ ಪಕ್ಕ ಕುಳಿತುಕೊಳ್ಳಲಿ, ಅವನು ಕೆಳಗೆ ನಿಂತಿರಲಿ. ಅಲ್ಲಿ ಅವನ ಕೈ ಏನು ಮಾಡುತ್ತಿತ್ತು ಎಂಬುದು ನಿನಗೆ ಗೊತ್ತಿದೆ ಎಂದು ನನ್ನ ನಂಬಿಕೆ. ಅಷ್ಟನ್ನು ಬರೆದು ಕಳುಹಿಸು, ಕಾಯುತ್ತಿರುತ್ತೇನೆ.

ನಿನ್ನ ಹಿತೈಷಿ